ಬೇಸ್ ಗಿಟಾರು ಹಿಡಿಯುವವರಿಗೆ ಒಂದಿಷ್ಟು ಸಲಹೆ

ಬೇಸ್ ಗಿಟಾರು ಕಲಿತಿದ್ದೇನೆ, ಆರ್ಕೆಸ್ಟ್ರಾ ಸೇರಬೇಕು, ಏನೇನು ಸಾಮಾನು ಇಟ್ಟುಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ಮೊದಲು ಒಂದು ಕರಿ ಕಂಬಳಿ ಇಟ್ಟುಕೋ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಚಿತ್ರದುರ್ಗದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಈ ಮನುಷ್ಯ ಕುರಿ ಕಾಯುವವರ ಮಗ, ಅದಕ್ಕೇ ಹೀಗೆ ಹೇಳುತ್ತಾನೆ ಎಂದುಕೊಳ್ಳುತ್ತಾರೆ. ಅದೂ ಸುಳ್ಳಲ್ಲ. ಆದರೆ ನಮ್ಮ ಕಡೆಯ ಸ್ಟೇಜುಗಳನ್ನು ನೀವು ಹತ್ತಿರದಿಂದ ನೋಡಿದ್ದರೆ ನಗುತ್ತಿರಲಿಲ್ಲ. ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿ, ಅದರ ಮೇಲೊಂದು ಜಮಖಾನ ಎಳೆದರೆ ಸ್ಟೇಜು ಆಯಿತು. ಬೇಸಿನ ಸ್ಪೀಕರ್ ಪೆಟ್ಟಿಗೆಯನ್ನು ಅದರ ಮೇಲೆ ಹಾಗೇ ಕೂರಿಸಿದರೆ ಹಲಗೆ, ಡ್ರಮ್ಮು ಎಲ್ಲ ಸೇರಿಕೊಂಡು ಗುಂಯ್ ಎನ್ನುತ್ತವೆ, ಬಾರಿಸಿದ ಸ್ವರ ಯಾವುದೆಂದು ಬಾರಿಸಿದವನಿಗೇ ತಿಳಿಯುವುದಿಲ್ಲ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಅಡಿಗೆ ಇಡಿ, ಸ್ವರ ಸ್ವಚ್ಛವಾಗಿ ಎದ್ದು ನಿಲ್ಲುತ್ತದೆ. ಬಸ್ಸಿನಲ್ಲಿ ಅದೇ ಕಂಬಳಿಯನ್ನು ಗಿಟಾರಿಗೆ ಸುತ್ತಬಹುದು. ಹಿರಿಯೂರಿನ ಬಿಸಿಲಿಗೆ ಬಸ್ಸಿನ ಟಾಪಿನ ಮೇಲೆ ಬಿದ್ದುಕೊಂಡು ಬಂದ ಗಿಟಾರಿನ ಕತ್ತು ಬಿಲ್ಲಿನ ಹಾಗೆ ಬಾಗಿದ್ದನ್ನು ನಾನು ಕಂಡಿದ್ದೇನೆ.

ಇನ್ನೂ ಹೇಳುವುದಾದರೆ, ಗಿಟಾರಿನಿಂದ ಮಿಷನ್ನಿಗೆ ಹೋಗುವ ವೈರು ಯಾವಾಗಲೂ ಎರಡು ಇರಲಿ, ಏಕೆಂದರೆ ಒಂದು ವೈರು ಕೈಕೊಡುವುದು ಹಾಡಿನ ಮಧ್ಯದಲ್ಲೇ ಹೊರತು ಮನೆಯಲ್ಲಲ್ಲ. ನಾವು ಮಿಷನ್ ಎನ್ನುವುದು ಆಂಪ್ಲಿಫಯರಿಗೆ. ಮೈಕಿಗೆ ತುಟಿ ತಾಗಿದಾಗ ಜುಮ್ ಎಂದರೆ ನಕ್ಕು ಸುಮ್ಮನಾಗಬೇಡಿ, ಕರೆಂಟನ್ನು ನೆಲಕ್ಕಿಳಿಸುವ ಅರ್ಥಿನ ವೈರು ಸರಿಯಾಗಿದೆಯೇ ನೋಡಿ. ದಪ್ಪ ತಂತಿಗಳು ಬೆವರು ಕುಡಿದು ಸತ್ತಂತಾದಾಗ, ಹೊಸವು ಬೆಂಗಳೂರಿನಿಂದ ಬರುವತನಕ, ಹಳೆಯವನ್ನೇ ಬಿಚ್ಚಿ ಕುದಿಯುವ ನೀರಿನಲ್ಲಿ ಹಾಕಿ ಒರೆಸಿ ಕಟ್ಟಿ. ಕೆಲವು ದಿನದ ಮಟ್ಟಿಗೆ ಅವಕ್ಕೆ ಮತ್ತೆ ಜೀವ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ನಿಮ್ಮದೇ ಒಂದು ಮಿಷನ್ ಇಟ್ಟುಕೊಳ್ಳಿ. ಚಿಕ್ಕದಾದರೂ ಸರಿ, ಊಟ ಬಿಟ್ಟಾದರೂ ಸರಿ. ನಿಮ್ಮ ವೈರಿನ ತುದಿಯನ್ನು ಬೇರೆಯವರ ಮಿಷನ್ನಿಗೆ ಚುಚ್ಚಬೇಡಿ. ಆ ಬೇರೆಯವನು ನಿಮ್ಮ ಒಡಹುಟ್ಟಿದವನಾಗಿದ್ದರೂ ಚುಚ್ಚಬೇಡಿ. ನಾನು ಇದನ್ನು ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ ಇದು, ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಬೇಕು. ಬೇಸ್ ಗಿಟಾರು ಎಂಥ ವಾದ್ಯ ಎಂದು ಗೊತ್ತಿಲ್ಲದವರಿಗೆ ನಾನು ನಮ್ಮ ಹಟ್ಟಿಯ ಕಥೆ ಹೇಳುತ್ತೇನೆ. ಜವನಗೊಂಡನಹಳ್ಳಿಯ ಹತ್ತಿರ ನಮ್ಮವರ ಹಟ್ಟಿ. ಚಿಕ್ಕಂದಿನಲ್ಲಿ ನಾನೂ ನನ್ನ ತಮ್ಮ ತಿಪ್ಪೇಶಿಯೂ ಸಂಜೆ ಹೊತ್ತು ಬೇಲಿಯ ಹೊರಗೆ ನೆಲಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದೆವು. ಮೇಯಲು ಹೋದ ಮಂದೆ ಇನ್ನೂ ಕಣ್ಣಿಗೆ ಕಾಣದಿರುವಾಗಲೇ ನೂರಾರು ಗೊರಸುಗಳ ಸದ್ದು ನೆಲದೊಳಗಿಂದ ಬರುತ್ತಿತ್ತು. ಅದನ್ನು ಕೇಳಿದೆವು ಎನ್ನುವುದಕ್ಕಿಂತ ಅದು ಎದೆಗೆ ತಾಗಿತು ಎನ್ನುವುದೇ ಸರಿ. ಆ ಸದ್ದು ಇದ್ದಾಗ ಅದು ಇದೆಯೆಂದು ಯಾರೂ ಎಣಿಸುವುದಿಲ್ಲ, ನಿಂತುಹೋದರೆ ಮಾತ್ರ ಏನೋ ಬರಿದಾಯಿತಲ್ಲ ಎಂದು ಎದ್ದು ಕೂರುತ್ತೇವೆ. ಹಾಡಿನಲ್ಲಿ ಬೇಸಿನ ಕೆಲಸವೂ ಅದೇ. ಹಾಡುವವರ ಹೆಸರು ಜನರ ಬಾಯಲ್ಲಿರುತ್ತದೆ, ಅಕಾರ್ಡಿಯನ್ನಿನವನಿಗೆ ಚಪ್ಪಾಳೆ ಬೀಳುತ್ತದೆ, ಬೇಸಿನವನು ಹಿಂದೆ ನಿಂತು ಎಲ್ಲರನ್ನೂ ಹೊತ್ತುಕೊಂಡಿರುತ್ತಾನೆ.

ಊರು ಬಿಟ್ಟು ದುರ್ಗಕ್ಕೆ ಮೊದಲು ಬಂದವನು ನಾನು. ಮೈಕ್ ಸೆಟ್ ಅಂಗಡಿಯಲ್ಲಿ ವೈರು ಸುತ್ತುತ್ತಾ, ಬೆಸುಗೆ ಹಾಕುವುದನ್ನು ಕಲಿಯುತ್ತಾ, ಕೊನೆಗೆ ಅಂಗಡಿಯನ್ನೇ ನಡೆಸುವಂತಾದೆ. ಅಕಾರ್ಡಿಯನ್ ನುಡಿಸುವ ಒಬ್ಬ ಮಾಸ್ಟರು ಮದುವೆ, ಗಣೇಶನ ಹಬ್ಬಗಳಿಗೆ ಒಂದು ಆರ್ಕೆಸ್ಟ್ರಾ ಕಟ್ಟಿದ್ದರು. ಅದಕ್ಕೆ ನನ್ನದೇ ಮಿಷನ್, ನನ್ನದೇ ಪೆಟ್ಟಿಗೆಗಳು. ಅವರು ಎಲ್ಲಿಂದಲೋ ಒಂದು ಬೇಸ್ ಗಿಟಾರು ತಂದಾಗ ಮೊದಲು ಅದನ್ನು ಕೈಗೆತ್ತಿಕೊಂಡವನೂ ನಾನೇ. ಕೆಲವು ತಿಂಗಳು ಒದ್ದಾಡಿದೆ. ನನ್ನ ಬೆರಳಿಗೆ ವೈರು ಒಲಿದಿತ್ತು, ತಂತಿ ಒಲಿಯಲಿಲ್ಲ. ಹಟ್ಟಿಯಿಂದ ಬಂದು ನನ್ನ ಜೊತೆ ಇದ್ದ ತಿಪ್ಪೇಶಿ, ಅಂಗಡಿಯ ರೇಡಿಯೋ ಹಚ್ಚಿಕೊಂಡು ಅದೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ನಾನು ತಿಂಗಳುಗಟ್ಟಲೆ ಹುಡುಕಿದ್ದನ್ನು ಅವನು ಕಳೆದುಕೊಂಡ ಸಾಮಾನು ಸಿಕ್ಕಿದವನ ಹಾಗೆ ಸಲೀಸಾಗಿ ಎತ್ತಿಕೊಂಡ. ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಅಡಿಯಲ್ಲಿ ಇನ್ನೇನೋ ಇತ್ತು, ಅದಕ್ಕೆ ಆಗ ನಾನು ಹೆಸರಿಡಲಿಲ್ಲ.

ನಮ್ಮ ಕೆಲಸದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಹಾಡುವವರ ಮೈಕು, ಅಕಾರ್ಡಿಯನ್ನಿನ ಮೈಕು, ಬೇಸ್ ಗಿಟಾರಿನ ವೈರು ಎಲ್ಲವೂ ನನ್ನ ಒಂದೇ ಮಿಷನ್ನಿಗೆ ಬರುತ್ತಿದ್ದವು. ಮಿಷನ್ನನ್ನು ನಾನು ಜನರ ನಡುವೆ, ಸ್ಟೇಜಿಗೆ ಎದುರಾಗಿ ಇಟ್ಟುಕೊಂಡು ಕೂರುತ್ತಿದ್ದೆ. ಯಾರ ಸದ್ದು ಎಷ್ಟು ಎಂಬ ಗುಂಡಿಗಳು ನನ್ನ ಕೈಯಲ್ಲಿ. ಮದುವೆಯವರಿಗೆ ಹಾಡಿನ ಮಾತು ಸ್ಪಷ್ಟವಾಗಿ ಕೇಳಬೇಕು, ಬೇಸು ಏರಿದರೆ ಮಾತು ಮುಚ್ಚಿಹೋಗುತ್ತದೆ, ಹಾಗಾಗಿ ಬೇಸನ್ನು ತೀರಾ ಕೆಳಗಿಡು ಎಂದು ಮಾಸ್ಟರು ಮೊದಲೇ ಹೇಳಿಟ್ಟಿದ್ದರು. ತಿಪ್ಪೇಶಿಗೆ ಇದು ಗೊತ್ತಾಗುವಂತಿರಲಿಲ್ಲ. ಪೆಟ್ಟಿಗೆಯ ಬೆನ್ನಿಗೇ ನಿಂತವನಿಗೆ ತನ್ನ ಸದ್ದು ಗಡದ್ದಾಗಿ ಕೇಳುತ್ತದೆ, ಎದುರು ಕೂತವರಿಗೆ ಎಷ್ಟು ಮುಟ್ಟಿತು ಎಂಬುದು ಕೇಳುವುದಿಲ್ಲ. ಅದಕ್ಕೆ ಅವನು ಹಾಡು ಹಾಡಿಗೂ ನನ್ನ ಕಡೆ ನೋಡಿ ಹುಬ್ಬೇರಿಸುತ್ತಿದ್ದ. ಚೆನ್ನಾಗಿ ಕೇಳುತ್ತಿದೆ ಎಂದು ನಾನು ತಲೆಯಾಡಿಸುತ್ತಿದ್ದೆ. ಹುಬ್ಬಳ್ಳಿಯಿಂದ ಬಂದ ಡ್ರಮ್ಸಿನವನಿಗಿಂತ, ಮಾಸ್ಟರಿಗಿಂತ, ಅವನು ನಂಬಿದ್ದು ನನ್ನ ಆ ತಲೆಯನ್ನು.

ಒಂದು ಸಲ ಶ್ರೀರಾಂಪುರದಲ್ಲಿ ಕಾರ್ಯಕ್ರಮ ಮುಗಿಸಿ, ಮಾರನೆ ದಿನದ ಮದುವೆಗೆ ಹೊಳಲ್ಕೆರೆಗೆ ಹೋಗಲು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಆಗ ಮಾಸ್ಟರು ಒಂದು ಸುದ್ದಿ ಹೇಳಿದರು. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಬಾರಿನಲ್ಲಿ ದಿನವೂ ಬಾರಿಸುವ ಬ್ಯಾಂಡೊಂದರ ಯಜಮಾನರು ಹೆಣ್ಣಿನ ಕಡೆಯ ನೆಂಟರಾಗಿ ಈ ಮದುವೆಗೆ ಬರುತ್ತಾರೆ, ಅವರ ಬೇಸಿನವನು ಬಿಟ್ಟುಹೋಗಿದ್ದಾನೆ, ನಮ್ಮ ತಿಪ್ಪೇಶಿ ಬಾರಿಸುವುದನ್ನು ಕೇಳಿ ನೋಡುತ್ತೇನೆ ಎಂದಿದ್ದಾರೆ, ಹಿಡಿಸಿದರೆ ಕರೆದುಕೊಂಡೇ ಹೋಗುತ್ತಾರೆ ಎಂದು. ತಿಪ್ಪೇಶಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿ ಬೇಸಿನವನಿಗೇ ಬೇರೆ ಮಿಷನ್ ಇರುತ್ತದಂತೆ, ಅವನ ಗುಂಡಿ ಅವನೇ ತಿರುಗಿಸಿಕೊಳ್ಳುತ್ತಾನಂತೆ ಎಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಡ್ರಮ್ಸಿನವನು, ನಿಮ್ಮಣ್ಣನ ಗತಿ ಏನಪ್ಪ ಎಂದು ಕೆಣಕಿದ.

"ಅಣ್ಣಂಗೇನೈತೆ ಬಿಡಲೇ, ಇಲ್ಲೇ ಹಲೋ ಹಲೋ ಮೈಕ್ ಟೆಸ್ಟಿಂಗ್ ಅನ್ಕಂಡು ಆರಾಮಾಗಿರ್ತಾನೆ" ಎಂದ ತಿಪ್ಪೇಶಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಮಾತಿನಲ್ಲಿ ವಿಷವಿರಲಿಲ್ಲ. ಸಂತೋಷಕ್ಕೆ ನಾಲಿಗೆ ಸಡಿಲವಾಗಿತ್ತು, ಅಷ್ಟೆ. ಅಣ್ಣಾ ನೀನೂ ಬಾ ಎಂದು ಒಂದು ಮಾತು ಅವನ ಬಾಯಿಂದ ಬಂದಿದ್ದರೂ ನಾನು ಹೋಗುತ್ತಿರಲಿಲ್ಲ, ಆದರೆ ಆ ಮಾತು ಬರಲಿಲ್ಲ ಎನ್ನುವುದನ್ನು ಹೊಳಲ್ಕೆರೆಯತನಕ ಕಿಟಕಿಯ ಪಕ್ಕ ಕೂತು ಅಗಿಯುತ್ತಾ ಬಂದೆ.

ಮಾರನೆ ದಿನ ಮಧ್ಯಾಹ್ನದ ಊಟ ಆದಮೇಲೆ ಛತ್ರದಲ್ಲಿ ಕಾರ್ಯಕ್ರಮ. ಮಾಸ್ಟರು ನನ್ನ ಹತ್ತಿರ ಬಂದು, ಇವತ್ತೊಂದಿನ ತಮ್ಮನ್ನ ಚೆನ್ನಾಗಿ ಮೇಲೆತ್ತಪ್ಪ, ಹಾಡಿನ ಮಾತು ಮುಚ್ಚಿಹೋದರೂ ಹೋಗಲಿ ಎಂದು ಕಿವಿಯಲ್ಲಿ ಹೇಳಿಹೋದರು. ಆಗಲಿ ಎಂದೆ. ತಿಪ್ಪೇಶಿ ಅವತ್ತು ಬಾರಿಸಿದ ಹಾಗೆ ಅದಕ್ಕೆ ಮೊದಲು ಬಾರಿಸಿರಲಿಲ್ಲ. ಕಿವಿಗೆ ಹಚ್ಚಿಕೊಂಡಿದ್ದ ಹೆಡ್‌ಫೋನಿನಲ್ಲಿ ಅದು ನನಗೆ ಪೂರ್ತಿ ಕೇಳುತ್ತಿತ್ತು. ಇಡೀ ಛತ್ರದಲ್ಲಿ ಕೇಳುತ್ತಿದ್ದವನು ನಾನೊಬ್ಬನೇ. ಗುಂಡಿಯನ್ನು ನಾನು ಇಳಿಸಲಿಲ್ಲ, ದೇವರಾಣೆಗೂ ಇಳಿಸಲಿಲ್ಲ. ದಿನಾ ಎಲ್ಲಿರುತ್ತಿತ್ತೋ ಅಲ್ಲೇ ಬಿಟ್ಟೆ. ಮೊದಲ ಹಾಡು ಮುಗಿದಾಗ ಅವನು ಹುಬ್ಬೇರಿಸಿದ. ನಾನು ತಲೆಯಾಡಿಸಿದೆ.

ಇಷ್ಟೇ ಆಗಿದ್ದರೆ ಮರೆವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಬೆಂಗಳೂರಿನವರು ಕೆಲಸ ತಿಳಿದವರು, ನ್ಯಾಯವಂತರು. ಎರಡು ಹಾಡು ಕೇಳಿ, ಎದ್ದು ನೇರ ನನ್ನ ಹತ್ತಿರವೇ ಬಂದು ಬಗ್ಗಿ ಕೇಳಿದರು. "ಬೇಸು ಮಿಷನ್ನಲ್ಲೇ ಕಮ್ಮಿ ಇಟ್ಟಿದೀರಾ ಹೇಗೆ?"

"ಇಲ್ಲ ಸಾರ್" ಎಂದೆ. "ಅವನ ಕೈಯೇ ಅಷ್ಟು."

ಸಂಜೆ ಅವರು ತಿಪ್ಪೇಶಿಯ ಬೆನ್ನು ತಟ್ಟಿ, ಬೆರಳು ಚೆನ್ನಾಗಿ ಓಡುತ್ತವೆ, ಆದರೆ ಹೋಟೆಲಿನಲ್ಲಿ ಅಷ್ಟು ಜನರ ಗದ್ದಲದ ನಡುವೆ ಕೇಳಬೇಕಾದರೆ ಕೈಯಲ್ಲಿ ತೂಕ ಬೇಕು, ಅದು ಬರಲಿ, ಆಮೇಲೆ ನೋಡೋಣ ಎಂದು ಮೆತ್ತಗೆ ಹೇಳಿ ಕಾರು ಹತ್ತಿದರು. ನಾನು ವೈರು ಸುತ್ತುತ್ತಿದ್ದೆ.

ಇಲ್ಲಿಗೆ ಮುಗಿಯಲಿಲ್ಲ, ಸಲಹೆಗಳು ಶುರುವಾದದ್ದೇ ಇಲ್ಲಿಂದ. ತೂಕ ಬರಲು ಏನು ಮಾಡಬೇಕಣ್ಣಾ ಎಂದು ಅವನು ನನ್ನನ್ನೇ ಕೇಳಿದ. ಇನ್ಯಾರನ್ನು ಕೇಳಬೇಕು? ನಾನು ಹೇಳಿದೆ. ಇನ್ನೂ ದಪ್ಪ ತಂತಿ ತರಿಸು ಎಂದೆ, ತರಿಸಿದ. ತಂತಿಯನ್ನು ಗಿಟಾರಿನ ಕತ್ತಿನ ಹಲಗೆಯಿಂದ ಇನ್ನಷ್ಟು ಎತ್ತರಕ್ಕೆ ಏರಿಸಿ ಕಟ್ಟಿದರೆ ಸದ್ದು ತುಂಬುತ್ತದೆ ಎಂದೆ, ಏರಿಸಿದ. ತಂತಿಗಳ ಬುಡ ಕೂರುವ ಬ್ರಿಡ್ಜಿನ ಹತ್ತಿರ ಮೀಟು, ಗಟ್ಟಿಯಾಗಿ ಮೀಟು ಎಂದೆ. ಇವೆಲ್ಲ ಸರಿಯಾದ ಮಾತುಗಳೇ. ಯಾವ ಬೇಸಿನವನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ನಾನು ಅವನಿಗೆ ಕೊಟ್ಟ ಸಲಹೆಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆ ಸಲಹೆ ಅವನಿಗೆ ಬೇಕೇ ಇರಲಿಲ್ಲ ಎನ್ನುವುದೊಂದನ್ನು ಬಿಟ್ಟು. ಸುಳ್ಳು ಹೇಳಿ ಮೋಸ ಮಾಡುವವನನ್ನು ಎಂದಾದರೂ ಹಿಡಿಯಬಹುದು. ನಿಜವನ್ನೇ ಹೇಳುತ್ತಾ ಮೋಸ ಮಾಡುವವನನ್ನು ಹಿಡಿಯುವುದು ಹೇಗೆ?

ಕಾರ್ಯಕ್ರಮದಲ್ಲಿ ಬೇಸಿನ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ನಿನ್ನ ಕೈಗೆ ತೂಕ ಬರ್ತಾ ಐತೆ ಕಣೋ ಎಂದು ಹೇಳಿಬಿಡಬಹುದಿತ್ತು. ಆ ಉಪಾಯವೂ ಹೊಳೆದಿತ್ತು. ಸ್ವಲ್ಪ ಏರಿದರೂ ಮಾಸ್ಟರಿಗೆ ಅನುಮಾನ ಬಂದೀತು ಎಂದು ಇವತ್ತು ಬೇಡ, ನಾಳೆ ಎನ್ನುತ್ತಾ ದೂಡಿದೆ. ಅಷ್ಟರಲ್ಲಿ ಅವನ ಎಡಗೈ ಊದಿಕೊಳ್ಳತೊಡಗಿತು. ಎತ್ತರಕ್ಕೆ ಕಟ್ಟಿದ ದಪ್ಪ ತಂತಿಯನ್ನು ದಿನವೆಲ್ಲ ಒತ್ತಿ ಒತ್ತಿ ಉಂಗುರದ ಬೆರಳಿನ ನರ ಹಿಡಿದುಕೊಂಡಿತು. ಬೆರಳು ಬಗ್ಗಿದರೆ ನೆಟ್ಟಗಾಗದು, ಇನ್ನೊಂದು ಕೈಯಿಂದ ಹಿಡಿದು ಬಿಡಿಸಬೇಕು. ದಾವಣಗೆರೆಯ ಡಾಕ್ಟರು ಗಿಟಾರು ಮುಟ್ಟಬೇಡ ಎಂದರು. ಅವನು ಗೋಳಾಡಲಿಲ್ಲ. ನನ್ನ ಕೈಯಲ್ಲಿ ಇಲ್ಲದ್ದನ್ನ ಎಲ್ಲಿಂದ ತರಲಣ್ಣ ಎಂದ. ಗಿಟಾರನ್ನು ಮಾಸ್ಟರಿಗೆ ಒಪ್ಪಿಸಿ ಹಟ್ಟಿಗೆ ಹೋದ, ಕುರಿ ಹಿಂದೆ ನಿಂತ. ಕುರಿ ಕಾಯುವುದು ಕೀಳು ಕೆಲಸ ಎಂದು ನಾನು ಹೇಳುತ್ತಿಲ್ಲ, ಅದು ನಮ್ಮಪ್ಪನ ಕೆಲಸ. ಆದರೆ ಒಲಿದು ಬಂದದ್ದೊಂದನ್ನು ತನ್ನದಲ್ಲ ಎಂದು ನಂಬಿಕೊಂಡು ಹಿಂದಿರುಗಿದವನು ಯಾವ ಕೆಲಸಕ್ಕೆ ನಿಂತರೂ ಅರ್ಧ ಆಳಾಗಿಯೇ ನಿಲ್ಲುತ್ತಾನೆ.

ಅಂದಿನಿಂದ ನಾನು ಬೇಸಿನ ಗುಂಡಿಯನ್ನು ಮೇಲೆಯೇ ಇಟ್ಟಿದ್ದೇನೆ, ಯಾರೇ ಬಾರಿಸಲಿ, ಮದುವೆಯವರು ಏನೇ ಅನ್ನಲಿ. ಇದನ್ನು ಪ್ರಾಯಶ್ಚಿತ್ತ ಎಂದು ಕರೆಯಲು ನನಗೆ ಬಾಯಿಲ್ಲ. ಮುಟ್ಟಬೇಕಾದವನಿಗೆ ಅದು ಮುಟ್ಟುವುದಿಲ್ಲವಲ್ಲ.

ಹೋದ ಗಣೇಶನ ಹಬ್ಬಕ್ಕೆ ಹಿರಿಯೂರಿನಲ್ಲಿ ಮಿಷನ್ ಹಾಕಿದ್ದೆ. ಬೇರೆ ಊರಿನ ಆರ್ಕೆಸ್ಟ್ರಾ. ಉಣ್ಣೆ ಹಾಕಲು ಪೇಟೆಗೆ ಬಂದಿದ್ದ ತಿಪ್ಪೇಶಿ ನನ್ನನ್ನು ಹುಡುಕಿಕೊಂಡು ಬಂದು ಪಕ್ಕದ ಬೆಂಚಿನ ಮೇಲೆ ಕೂತ. ಇಷ್ಟು ವರ್ಷದಲ್ಲಿ ಅವನು ಸ್ಟೇಜಿನ ಮೇಲೆ ಪೆಟ್ಟಿಗೆಯ ಹಿಂದೆ ನಿಲ್ಲದೆ ಎದುರಿಗೆ ಕೂತದ್ದು ಅದೇ ಮೊದಲು. ಬೇಸು ಬಾರಿಸುತ್ತಿದ್ದವನು ಸಾಧಾರಣದವನು, ತಾಳಕ್ಕೆ ಒಂದು ಕೂದಲೆಳೆ ಹಿಂದೆಯೇ ಬೀಳುತ್ತಿದ್ದ. ಆದರೆ ಗುಂಡಿ ಮೇಲಿತ್ತಲ್ಲ, ಪೆಂಡಾಲಿನ ನೆಲವೇ ಮಿಡಿಯುತ್ತಿತ್ತು. ತಿಪ್ಪೇಶಿ ಕಣ್ಣು ಮುಚ್ಚಿ ಕೇಳಿದ. ಆಮೇಲೆ ನನ್ನ ಮೊಣಕೈ ಮುಟ್ಟಿದ.

"ಕೇಳಣ್ಣ, ತೂಕ ಅಂದ್ರೆ ಇದು. ಆವಯ್ಯ ಬೆಂಗ್ಳೂರೋರು ಹೇಳಿದ್ದು ದಿಟ. ನನ್ ಕೈಗೆ ಇದು ಬರ್ಲೇ ಇಲ್ಲ."

ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ಎಡಕ್ಕೆ ಅರ್ಧ ಸುತ್ತು ತಿರುಗಿಸಿದ್ದರೆ, ಸ್ಟೇಜಿನವನು ಹಾಗೇ ಬಾರಿಸುತ್ತಿದ್ದರೂ ತೂಕ ಮಾಯವಾಗುವುದು ಅವನ ಕಣ್ಣೆದುರೇ ಕಾಣುತ್ತಿತ್ತು. ನಾನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ, ಅವನು ಬುದ್ಧಿವಂತ, ಒಂದೇ ಗಳಿಗೆಯಲ್ಲಿ ಹೊಳಲ್ಕೆರೆಯ ಛತ್ರದತನಕ ಎಲ್ಲವನ್ನೂ ಜೋಡಿಸಿಕೊಳ್ಳುತ್ತಿದ್ದ. ಆ ಬೆರಳು ಈಗ ನೆಟ್ಟಗಾಗದು, ತಿಳಿದು ಅವನಿಗೇನು ಸುಖ, ಇರುವ ನೆಮ್ಮದಿಯೂ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನ ನೆಮ್ಮದಿಯ ಮಾತಾಗಿರಲಿಲ್ಲ ಅದು, ನಿಮಗೆ ಗೊತ್ತೇ ಇದೆ. ಹಾಡು ಮುಗಿಯುವತನಕ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ.

ಕಾರ್ಯಕ್ರಮ ಮುಗಿಯುತ್ತಲೇ ತಿಪ್ಪೇಶಿ ಎದ್ದು ಸ್ಟೇಜಿನ ಹತ್ತಿರ ಹೋದ. ಬೇಸಿನವನು ಗಿಟಾರು ಒರೆಸುತ್ತಿದ್ದ. ತಿಪ್ಪೇಶಿ ಬೆರಳು ನೆಟ್ಟಗಾಗದ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮೇಷ್ಟರ ಮುಂದೆ ನಿಂತವನ ಹಾಗೆ ನಿಂತು, ಯಾವ ತಂತಿ ಕಟ್ತೀರಿ ಸ್ವಾಮಿ ಎಂದು ಕೇಳುತ್ತಿದ್ದ.