ಇಬ್ಬರು ಸ್ಕ್ರಮ್‌ಹಾಫ್‌ಗಳು ಮತ್ತು ನಾನು ಹೇಳದ ಮಾತು

ರಗ್ಬಿ ಎಂದರೆ ತುಮಕೂರಿನಲ್ಲಿ ಇವತ್ತಿಗೂ ಹೆಚ್ಚಿನವರು, ಮೊಟ್ಟೆಯಂಥ ಚೆಂಡು ಹಿಡಿದುಕೊಂಡು ಕಬಡ್ಡಿ ಆಡುತ್ತಾರಲ್ಲ ಅದಾ, ಎಂದು ಕೇಳುತ್ತಾರೆ. ಅದನ್ನು ನೋಡುವ ಹುಚ್ಚು ಹತ್ತಿದ್ದು ನಮ್ಮಂಥ ಏಳೆಂಟು ಮಂದಿಗೆ ಮಾತ್ರ. ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಮೈದಾನದ ಗೇಟಿನೆದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಸೇರುತ್ತಿದ್ದೆವು. ಎಂಟಕ್ಕೆ ಆಟ ಶುರುವಾಗುತ್ತಿತ್ತು. ನಡುವಿನ ಒಂದು ಗಂಟೆ ಜಗಳದ ಹೊತ್ತು. ಜಗಳದ ವಿಷಯ ವರ್ಷವಿಡೀ ಒಂದೇ: ನಮ್ಮ ತಂಡದ ಸ್ಕ್ರಮ್‌ಹಾಫ್ ಯಾರಾಗಬೇಕು?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾದಾಗ ಆ ರಾಶಿಯ ಬುಡಕ್ಕೆ ಬಗ್ಗಿ, ಚೆಂಡನ್ನು ಹೊರಗೆ ತೆಗೆದು, ತನ್ನ ಕಡೆಯವನಿಗೆ ಎಸೆಯುವವನು ಸ್ಕ್ರಮ್‌ಹಾಫ್. ಏಳು ಜನರ ಆಟದಲ್ಲಿ ಆ ಜಾಗ ಒಂದೇ. ನಮ್ಮಲ್ಲಿ ಅದಕ್ಕೆ ಇಬ್ಬರಿದ್ದರು. ಒಬ್ಬ ಗುಬ್ಬಿಯವನು, ಇನ್ನೊಬ್ಬ ಕುಣಿಗಲ್ಲಿನವನು. ಇಬ್ಬರಿಗೂ ಇಪ್ಪತ್ತೆರಡು, ಇಪ್ಪತ್ತಮೂರು. ದೈಹಿಕ ಶಿಕ್ಷಣದ ಮೇಷ್ಟ್ರೊಬ್ಬರು ಕಬಡ್ಡಿ ಅಂಗಳಗಳಿಂದ ಆರಿಸಿ ತಂದು ಕಟ್ಟಿದ ತಂಡ ಅದು. ಇವರಿಬ್ಬರೂ ಹಾಗೆ ಬಂದವರೇ.

ಗುಬ್ಬಿಯವನ ಕೈ ಚುರುಕು. ಅವನು ಚೆಂಡನ್ನು ನೆಲದಿಂದ ಎತ್ತುವುದೇ ಕಣ್ಣಿಗೆ ಕಾಣುತ್ತಿರಲಿಲ್ಲ. ಎಸೆದರೆ ಎಡಕ್ಕಾಗಲಿ ಬಲಕ್ಕಾಗಲಿ ಒಂದೇ ಉದ್ದಕ್ಕೆ, ಒಂದೇ ಎತ್ತರದಲ್ಲಿ ಹೋಗುತ್ತಿತ್ತು. ಆದರೆ ಮೈ ತಾಗಿಸಲು ಹಿಂಜರಿಯುತ್ತಿದ್ದ. ಕುಣಿಗಲ್ಲಿನವನು ಎಸೆಯುವ ಮೊದಲು ಎರಡು ಹೆಜ್ಜೆ ಇಡುತ್ತಿದ್ದ. ಅಷ್ಟು ಹೊತ್ತಿಗೆ ಎದುರಾಳಿ ಎದ್ದು ನಿಂತಿರುತ್ತಿದ್ದ. ಆದರೆ ಸಂದು ಕಂಡರೆ ಚೆಂಡನ್ನು ಎದೆಗೆ ಅವುಚಿಕೊಂಡು ತಾನೇ ನುಗ್ಗುತ್ತಿದ್ದ, ತನ್ನ ಎರಡರಷ್ಟು ತೂಕದವನ ಕಾಲಿಗೂ ಬೀಳುತ್ತಿದ್ದ. ಅವನು ತಂಡವನ್ನು ಕೂಗಿ ನಡೆಸುವ ದನಿ ಟೀ ಅಂಗಡಿಯವರೆಗೂ ಕೇಳುತ್ತಿತ್ತು.

ನನ್ನ ಊರೂ ಗುಬ್ಬಿ, ಹಾಗಾಗಿ ನಾನು ಗುಬ್ಬಿಯ ಹುಡುಗನ ಪರ. ತುಮಕೂರಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಎದುರು ಪಕ್ಷದ ನಾಯಕ ನನ್ನ ಹಳೆಯ ಹಾಸ್ಟೆಲ್ ಗೆಳೆಯ, ಕುಣಿಗಲ್ಲಿನಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಗುಮಾಸ್ತ. ನಾವಿಬ್ಬರೂ ಜೀವನದಲ್ಲಿ ಒಂದು ದಿನವೂ ರಗ್ಬಿ ಆಡಿದವರಲ್ಲ.

"ನಿಮ್ಮೋನು ಬಾಲ್ ಎಸೀತಾನೆ ಕಣೋ, ಆಟ ಆಡಲ್ಲ. ಪೋಸ್ಟ್‌ಮ್ಯಾನ್ ಅವ್ನು," ಎನ್ನುತ್ತಿದ್ದ ಗೆಳೆಯ.

"ನಿಮ್ಮೋನು ಎರಡು ಹೆಜ್ಜೆ ಇಡೋ ಅಷ್ಟರಲ್ಲಿ ನಾನು ಅಮೃತೂರಿಗೆ ಹೋಗಿ ಬರ್ತೀನಿ, ಹೋಗ್ಲಾ."

ನಮ್ಮ ಗುಂಪಿನ ಹಿರಿಯರೆಂದರೆ ಒಬ್ಬ ಕೊಬ್ಬರಿ ವ್ಯಾಪಾರಿ. ಅವರು ಎರಡೂ ಕಡೆ ಕೇಳಿ ತೀರ್ಪು ಕೊಡುತ್ತಿದ್ದರು. "ಒಬ್ಬ ಎಳನೀರು, ಇನ್ನೊಬ್ಬ ಕೊಬ್ಬರಿ. ಬಾಯಾರಿದಾಗ ಕೊಬ್ಬರಿ ಕೇಳ್ತೀರಿ, ಅಡುಗೆಗೆ ಎಳನೀರು ಕೇಳ್ತೀರಿ. ಟೀ ಆರೋಗ್ತೈತೆ, ಕುಡೀರಿ."

ಒಂದು ಭಾನುವಾರ ನಾನು ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಎರಡು ಹೆಜ್ಜೆಯಿಂದ ತಂಡಕ್ಕೆ ಎಷ್ಟು ಜಾಗ ನಷ್ಟವೆಂದು ಪಾಠದಂತೆ ವಿವರಿಸುತ್ತಿದ್ದೆ. ಅವನು ಯಾವತ್ತೂ ಸ್ಕ್ರಮ್‌ಹಾಫ್ ಆಗಲಾರ ಎಂದೂ ಸೇರಿಸಿದೆ. ಎಲ್ಲರೂ ಇದ್ದಕ್ಕಿದ್ದಂತೆ ಸುಮ್ಮನಾದರು. ತಿರುಗಿ ನೋಡಿದರೆ ಕುಣಿಗಲ್ಲಿನ ಹುಡುಗ ಟೀ ಲೋಟ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದ. ಗೆರೆಗಳನ್ನು ಗಮನವಿಟ್ಟು ನೋಡಿ, "ಮುಂದಿನ ವಾರ ಒಂದೇ ಹೆಜ್ಜೆ ಸಾರ್, ನೋಡ್ತಿರಿ," ಎಂದು ನಕ್ಕು ಹೋದ. ಮುಂದಿನ ವಾರವೂ ಎರಡೇ ಹೆಜ್ಜೆ ಇಟ್ಟ. ಇಟ್ಟವನು ನಾನಿದ್ದ ಕಡೆ ನೋಡಿ ನಾಲಗೆ ಕಚ್ಚಿಕೊಂಡ.

ಇಂಥ ಜಗಳದಲ್ಲಿ ಒಂದು ತೊಂದರೆ ಇದೆ. ವರ್ಷಗಟ್ಟಲೆ ಒಬ್ಬನ ಪರ ಮಾತಾಡಿದರೆ ನಿಮ್ಮ ಯಾವ ಮಾತೂ ಬರಿಯ ಮಾತಾಗಿ ಉಳಿಯುವುದಿಲ್ಲ. ರೆಫರಿಯ ತೀರ್ಪು ಸರಿ ಎಂದು ನಾನಂದರೆ "ಗುಬ್ಬಿ ಪಾರ್ಟಿ" ಎನ್ನುತ್ತಿದ್ದರು. ಇವತ್ತು ಬಿಸಿಲು ಜಾಸ್ತಿ ಎಂದರೂ ಅದರಲ್ಲಿ ಗುಬ್ಬಿಯವನಿಗೆ ಏನು ಲಾಭ ಎಂದು ಹುಡುಕುತ್ತಿದ್ದರು. ನಾನೂ ಗೆಳೆಯನ ಮಾತನ್ನು ಹಾಗೆಯೇ ತೂಗುತ್ತಿದ್ದೆ. ಆಗ ಅದೊಂದು ತಮಾಷೆಯಾಗಿತ್ತು.

ಒಂದು ಭಾನುವಾರ ರಾಜ್ಯಮಟ್ಟಕ್ಕೆ ಹೋಗುವ ತಂಡವನ್ನು ಆರಿಸುವ ಪಂದ್ಯವಿತ್ತು. ಮೇಷ್ಟ್ರು ಕುಣಿಗಲ್ಲಿನವನನ್ನು ಮೊದಲು ಇಳಿಸಿದ್ದರು. ಗುಬ್ಬಿಯವನು ಗೆರೆಯಾಚೆ ಬದಲಿ ಆಟಗಾರನಾಗಿ ಕೂತಿದ್ದ. ಕುಣಿಗಲ್ಲಿನವನು ಅವತ್ತು ಚೆನ್ನಾಗಿ ಆಡುತ್ತಿದ್ದ. ಅದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ, ಆದರೆ ಕಣ್ಣಿಗೆ ಕಾಣುತ್ತಿತ್ತು. ಕೊನೆಯವರೆಗೆ ನಿಂತರೆ ಜಾಗ ಅವನದೇ ಎಂದು ಗೆಳೆಯ ಪಕ್ಕದಲ್ಲಿ ಕೂತು ಪದೇ ಪದೇ ಹೇಳುತ್ತಿದ್ದ.

ಎರಡನೆಯ ಅರ್ಧದಲ್ಲಿ, ನಾವು ಕೂತಿದ್ದ ಕಡೆಗೇ, ಹತ್ತು ಮಾರು ದೂರದಲ್ಲಿ ಅವನು ಚೆಂಡು ತೆಗೆಯಲು ಬಗ್ಗಿದ. ಪಕ್ಕದಿಂದ ಎದುರು ತಂಡದವನೊಬ್ಬ ಓಡಿ ಬಂದ. ಅವನ ಭುಜ ಇವನ ತಲೆಗೆ ಬಡಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಇವನು ಮುಖ ಕೆಳಗಾಗಿ ಕೆಂಪು ಮಣ್ಣಿಗೆ ಬಿದ್ದ. ಚೆಂಡು ತನ್ನಷ್ಟಕ್ಕೆ ಉರುಳಿಕೊಂಡು ಗೆರೆ ದಾಟಿತು.

ನಮ್ಮಲ್ಲಿ ಮೈದಾನಕ್ಕೆ ಹಗ್ಗ, ಬೇಲಿ ಇಲ್ಲ. ನಾಲ್ಕೈದು ಜನ ಎದ್ದು ಓಡಿದೆವು. ಮೇಷ್ಟ್ರು ಆಚೆ ತುದಿಯಲ್ಲಿದ್ದರು. ರೆಫರಿ ಸೀಟಿ ಊದುತ್ತ ಎದುರು ತಂಡದವನ ಕಡೆ ಹೋಗಿದ್ದರು. ನಾವು ಹತ್ತಿರ ಹೋದಾಗ ಅವನು ಮಣ್ಣಿಗೆ ಒತ್ತಿದ್ದ ಬಾಯಿಂದಲೇ, ಕೈ ಜೋಮು ಹಿಡಿದ ಹಾಗಿದೆ ಎಂದ. ಸಣ್ಣ ದನಿಯಲ್ಲಿ ಹೇಳಿದ, ನೋವಿನ ದನಿಯಲ್ಲ. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು.

ನನಗೆ ಗೊತ್ತಿತ್ತು. ಇದನ್ನು ಬರೆಯುವುದಕ್ಕೆ ನನಗೆ ಇಷ್ಟು ದಿನ ಬೇಕಾಯಿತು. ಶಿಕ್ಷಕರಿಗೆ ನಡೆಸುವ ಪ್ರಥಮ ಚಿಕಿತ್ಸೆಯ ತರಬೇತಿಗೆ ಹೋಗಿ ಬಂದಿದ್ದೆ. ಕುತ್ತಿಗೆಗೆ ಪೆಟ್ಟು ಬಿದ್ದವರನ್ನು ಅಲುಗಿಸಬಾರದು, ತಲೆಯನ್ನು ಹಾಗೇ ಹಿಡಿದು ಕಾಯಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ನೆಲದ ಮೇಲೆ ಮಲಗಿದ್ದ ಸಹೋದ್ಯೋಗಿಯ ತಲೆ ಹಿಡಿದು ತೋರಿಸಿದವನು ನಾನೇ. ಪ್ರತಿ ವರ್ಷ ಬೋರ್ಡಿನ ಮೇಲೆ ಬೆನ್ನುಹುರಿಯ ಚಿತ್ರ ಬರೆದು, ಕುತ್ತಿಗೆಯ ಭಾಗದಿಂದ ಕೈಗಳಿಗೆ ಹೋಗುವ ನರಗಳನ್ನು ಬೇರೆ ಬಣ್ಣದಲ್ಲಿ ತೋರಿಸುತ್ತೇನೆ. ಕೈ ಜೋಮು ಎಂದರೆ ಏನೆಂದು ಅಲ್ಲಿದ್ದವರಲ್ಲಿ ತಿಳಿದಿದ್ದವನು ನಾನೊಬ್ಬನೇ.

ಗೆಳೆಯ ಆಗಲೇ ಅವನ ಕಂಕುಳಿಗೆ ಕೈ ಹಾಕಿದ್ದ. ನಮ್ಮ ಊರುಗಳ ಕಬಡ್ಡಿಯಲ್ಲಿ ಹಾಗೆಯೇ ಮಾಡುವುದು. ಬಿದ್ದವನನ್ನು ಕೂಡಲೇ ಎತ್ತಿ ನಿಲ್ಲಿಸಿ, ಎರಡು ಸಲ ಕೊಡವಿ, ಮುಖಕ್ಕೆ ನೀರು ಹಾಕಿದರೆ ಸರಿಹೋಗುತ್ತಾನೆ. ನಿಂತವನು ಆಟದಲ್ಲಿದ್ದಾನೆ, ಮಲಗಿದವನು ಔಟ್. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ, ಕೈಗೇ ಬರುತ್ತದೆ.

"ಬೇಗ ಏಳ್ಸಿ. ಮಲಗಿದ್ರೆ ಇನ್ನೊಬ್ಬನ್ನ ಇಳಿಸ್ತಾರೆ," ಎಂದ ಗೆಳೆಯ.

ನಾನು ಬಾಯಿ ತೆರೆದೆ. ಅದು ಖಂಡಿತ. ಅಷ್ಟರಲ್ಲಿ ಗೆಳೆಯ ಗೆರೆಯ ಕಡೆ ತಲೆ ಎತ್ತಿದ. ನಾನೂ ನೋಡಿದೆ. ಗುಬ್ಬಿಯವನು ಜಾಕೆಟ್ ಬಿಚ್ಚಿ ನಿಂತಿದ್ದ. ಏನಾಯಿತೆಂದು ನೋಡಲು ಎದ್ದಿದ್ದನೋ, ಆಡಲು ಎದ್ದಿದ್ದನೋ.

"ನಿಮ್ಮೋನು ರೆಡಿ ಆಗವ್ನೆ ನೋಡು," ಎಂದ ಗೆಳೆಯ.

ಎತ್ತಬೇಡಿ ಎಂಬ ನಾಲ್ಕಕ್ಷರದ ಮಾತು ನನ್ನ ಬಾಯಿಯಿಂದ ಬರಲಿಲ್ಲ. ಬಂದಿದ್ದರೆ ಅದು ಗುಬ್ಬಿ ಪಾರ್ಟಿಯ ಮಾತಾಗುತ್ತಿತ್ತು. ಇವನು ಮಲಗಿಯೇ ಇರಲಿ, ನಮ್ಮವನು ಇಳಿಯಲಿ ಎಂದ ಹಾಗಾಗುತ್ತಿತ್ತು. ಹಾಗಲ್ಲ ಎಂದು ತೋರಿಸಲೋ ಏನೋ, ನಾನು ಬಗ್ಗಿ ಅವನ ಎರಡು ಕಾಲುಗಳನ್ನು ಹಿಡಿದೆ.

ಎತ್ತಿದೆವು. ಅವನನ್ನು ತಿರುಗಿಸುವಾಗ ತಲೆ ಹಿಂದಕ್ಕೆ ಜೋತುಬಿತ್ತು. ಅದು ಜೋತುಬಿದ್ದದ್ದು ಒಂದು ಕ್ಷಣ ಮಾತ್ರ. ಆಮೇಲೆ ಯಾರದೋ ಅಂಗೈ ಅದರ ಕೆಳಗೆ ಬಂತು. ಆ ಒಂದು ಕ್ಷಣ ಈಗಲೂ ನನಗೆ ತರಗತಿಯಲ್ಲಿ, ಬಸ್ಸಿನಲ್ಲಿ, ಹಲ್ಲುಜ್ಜುವಾಗ ಬರುತ್ತದೆ. ಪ್ರತಿ ಸಲವೂ ನಾನು ಅದಕ್ಕಿಂತ ಸ್ವಲ್ಪ ಮುಂಚೆ ಮಾತಾಡುತ್ತೇನೆ. ಪ್ರತಿ ಸಲವೂ ತಲೆ ಜೋತುಬೀಳುತ್ತದೆ.

ನಿಲ್ಲಿಸಿದೆವು. ಮಂಡಿ ಮಡಿಚಿಕೊಂಡಿತು. ಅವನು ಗೆಳೆಯನ ಎದೆಗೆ ಒರಗಿ ಕೇಳಿದ, "ಅಣ್ಣ, ನನ್ನ ಕಾಲು ನೆಲದ ಮೇಲಿದ್ಯಾ?"

ಮುಟ್ಟಬೇಡಿ ಎಂದು ಕೂಗುತ್ತ ಮೇಷ್ಟ್ರು ಓಡಿ ಬರುತ್ತಿದ್ದರು. ಬಂದವರು ಅವನನ್ನು ಅಂಗಾತ ಮಲಗಿಸಿ, ತಾವೇ ಮಂಡಿಯೂರಿ ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಆಂಬುಲೆನ್ಸ್ ಬರುವವರೆಗೆ ಅಲ್ಲಾಡದೆ ಕೂತರು. ಬಿಸಿಲು ಅವನ ಕಣ್ಣಿಗೆ ಬೀಳದಂತೆ ಗುಬ್ಬಿಯ ಹುಡುಗ ತನ್ನ ಜಾಕೆಟ್ಟನ್ನು ಹಿಡಿದು ನಿಂತಿದ್ದ. ಆಸ್ಪತ್ರೆಯಲ್ಲಿ ವೈದ್ಯರು, ಇವನನ್ನು ಎತ್ತಿದವರು ಯಾರು ಎಂದು ಕೇಳಿದರು. ಜನ ಎತ್ತಿದರು ಎಂದರು ಮೇಷ್ಟ್ರು. ನಾನು ಅವರ ಹಿಂದೆಯೇ ನಿಂತಿದ್ದೆ.

ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಾಯಿತು. ಕಾಲಿಗೆ ನಿಧಾನವಾಗಿ ಜೀವ ಬಂತು. ಕೈಗೆ ಅಷ್ಟು ಬರಲಿಲ್ಲ. ಪೆಟ್ಟಿನಿಂದಲೇ ಅಷ್ಟೂ ಆಗಿತ್ತೋ, ಎತ್ತಿದ್ದರಿಂದ ಹೆಚ್ಚಾಯಿತೋ ಹೇಳಲು ಬರುವುದಿಲ್ಲ ಎಂದರಂತೆ ಅಲ್ಲಿನ ವೈದ್ಯರು. ಕೆಲವು ದಿನ ಆ ಮಾತು ನನಗೆ ಸಮಾಧಾನ ಕೊಡುತ್ತದೆ. ಕೆಲವು ದಿನ ಅದೇ ಹಿಂಸೆ.

ಟೀ ಅಂಗಡಿಯ ಬೆಂಚಿನ ಮೇಲೆ ಸ್ಕ್ರಮ್‌ಹಾಫ್ ಎಂಬ ಪದ ಮತ್ತೆ ಬರಲಿಲ್ಲ. ಜಾಗ ಗುಬ್ಬಿಯವನಿಗೆ ಸಿಕ್ಕಿತು. ಮೊದಲ ಪಂದ್ಯದಲ್ಲಿ ಅವನು ರಾಶಿಯ ಬುಡಕ್ಕೆ ಬಗ್ಗುವ ಮುನ್ನ ಎರಡೂ ಪಕ್ಕ ನೋಡುತ್ತಿದ್ದ. ಅಷ್ಟರಲ್ಲಿ ಆ ಚುರುಕು ಹೋಗಿಬಿಡುತ್ತಿತ್ತು. ಆಟ ಮುಗಿದ ಮೇಲೆ ಬೆನ್ನು ತಟ್ಟಲು ಹೋದೆ. ಅವನು ಹಿಂದೆ ಸರಿದು, ಇನ್ನು ಮೇಲೆ ನನ್ನ ಪರವಾಗಿ ಯಾರ ಹತ್ತಿರವೂ ಮಾತಾಡಬೇಡಿ ಸಾರ್ ಎಂದ. ಎರಡು ತಿಂಗಳಲ್ಲಿ ಆಟವನ್ನೇ ಬಿಟ್ಟ.

ಗೆಳೆಯ ಮಾತ್ರ ಪ್ರತಿ ವಾರ ಕುಣಿಗಲ್ಲಿನ ಹುಡುಗನ ಮನೆಗೆ ಹೋಗಿ ಬರುತ್ತಿದ್ದ. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನು ಬಹಳ ಹೊತ್ತು ಬಸ್ಸುಗಳನ್ನೇ ನೋಡುತ್ತಿದ್ದು, "ನೀನು ಸೈನ್ಸ್ ಮೇಷ್ಟ್ರು ಕಣೋ. ಎತ್ತಬಾರ್ದು ಅಂತ ನಿಂಗೂ ಗೊತ್ತಿರ್ಲಿಲ್ವಾ?" ಎಂದು ಕೇಳಿದ.

ಗೊತ್ತಿರಲಿಲ್ಲ ಎಂದೆ.

ಅವನ ಮುಖ ಹಗುರಾಯಿತು. ನಮಗ್ಯಾರಿಗೂ ಗೊತ್ತಿರಲಿಲ್ಲ ಬುಡು, ಎಂದು ಹೇಳಿ ಬಸ್ಸು ಹತ್ತಿದ. ನನ್ನ ಸುಳ್ಳನ್ನು ಅವನು ತನಗೂ ಸ್ವಲ್ಪ ಹಂಚಿಕೊಂಡು ಹೋದ ಹಾಗಿತ್ತು. ಅವತ್ತಿನಿಂದ ಆ ಸುಳ್ಳನ್ನು ಹೊತ್ತಿರಲು ನನಗಾಗಲಿಲ್ಲ.

ಪೆಟ್ಟು ಬಿದ್ದು ಎಂಟು ತಿಂಗಳಾದ ಮೇಲೆ, ಒಂದು ರಜೆಯ ದಿನ, ಗೆಳೆಯನಿಗೂ ತಿಳಿಸದೆ ಕುಣಿಗಲ್ಲಿಗೆ ಹೋದೆ. ಕೆರೆ ಏರಿ ಇಳಿದರೆ ಅವನ ಮನೆ. ಮುಂದಿನ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಊರುಗೋಲು. ತೊಡೆಯ ಮೇಲೆ ಮೆತ್ತನೆಯ ರಬ್ಬರ್ ಚೆಂಡೊಂದಿತ್ತು, ಬೆರಳಿನ ವ್ಯಾಯಾಮಕ್ಕೆ ಕೊಟ್ಟದ್ದು. ಬಲಗೈಯ ಬೆರಳುಗಳು ಅದರ ಮೇಲೆ ಸುಮ್ಮನೆ ಇದ್ದವು, ಹಿಡಿದಿರಲಿಲ್ಲ. ಎದ್ದೇಳಲು ಹೊರಟವನನ್ನು ಕೂರಿಸಿದೆ. ಅವನ ತಾಯಿ ಬಾಗಿಲಿಗೆ ಬಂದರು. ಆ ದಿನ ಎತ್ತಲು ಓಡಿ ಬಂದವರಲ್ಲಿ ಇವರೂ ಒಬ್ಬರು ಎಂದು ಮಗ ಪರಿಚಯಿಸಿದ ಕೂಡಲೇ ಅವರ ಕಣ್ಣು ತುಂಬಿತು. ಕಾಫಿ ತರುತ್ತೇನೆಂದು ಒಳಗೆ ಹೋದರು.

ಅವರು ಒಳಗಿದ್ದ ಅಷ್ಟೇ ಹೊತ್ತಿನಲ್ಲಿ ಎಲ್ಲವನ್ನೂ ಹೇಳಿದೆ. ಎತ್ತಬಾರದೆಂದು ಗೊತ್ತಿತ್ತು, ನೀನು ಕೈ ಜೋಮು ಎಂದದ್ದು ಕೇಳಿಸಿತ್ತು, ಗುಬ್ಬಿಯವನ ಪರ ಎನ್ನುತ್ತಾರೆಂದು ಬಾಯಿ ಮುಚ್ಚಿಕೊಂಡೆ, ಕಾಲು ಹಿಡಿದವನು ನಾನು. ಹೇಳುವಾಗ ಅವನ ಮುಖ ನೋಡಲಿಲ್ಲ, ರಬ್ಬರ್ ಚೆಂಡನ್ನೇ ನೋಡುತ್ತಿದ್ದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿ ಎಂದು ಹೋಗಿದ್ದೆನೋ ಏನೋ.

"ನೀವು ಕಾಲು ಹಿಡ್ಕೊಂಡಿದ್ರಾ?" ಎಂದ.

ಹೌದು ಎಂದೆ.

"ನಂಗೆ ಗೊತ್ತೇ ಆಗ್ಲಿಲ್ಲ ಸಾರ್."

ಅದರಲ್ಲಿ ಕ್ಷಮೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ. ಒಳಗಿನಿಂದ ಲೋಟಗಳ ಸದ್ದು ಬಂತು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಅಮ್ಮಂಗೆ ಹೇಳ್ಬೇಡಿ. ಎತ್ತಿದೋರೇ ನನ್ನ ಉಳಿಸಿದ್ದು ಅನ್ಕೊಂಡವಳೆ. ಅವಳು ಗಟ್ಟಿಯಾಗಿ ನಿಂತಿರೋದೇ ಅದೊಂದ್ರ ಮೇಲೆ. ನಿಮ್ಮ ಫ್ರೆಂಡ್‌ಗೂ ಹೇಳ್ಬೇಡಿ, ಪಾಪ, ವಾರವಾರ ಬರ್ತಾರೆ."

ತಾಯಿ ಬಂದರು. ನನಗೆ ಲೋಟ ಕೊಟ್ಟು, ಮಗನ ಲೋಟವನ್ನು ಅವನ ಎರಡೂ ಅಂಗೈಗಳ ನಡುವೆ ಇಟ್ಟು, ಜಾರದಂತೆ ತಮ್ಮ ಕೈಯಿಂದ ಹಿಡಿದು ಕುಡಿಸಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, ನೀವೆಲ್ಲ ಅವತ್ತು ಓಡಿ ಬಂದು ಎತ್ತದಿದ್ದರೆ ಮಗ ಎದ್ದು ಕೂರುತ್ತಿರಲಿಲ್ಲ ಎಂದು ಹೇಳಿ ಕೈ ಮುಗಿದರು.

ಅವನು ನನ್ನನ್ನೇ ನೋಡುತ್ತಿದ್ದ. ನಾನು ಲೋಟ ಕೆಳಗಿಟ್ಟು ಕೈ ಮುಗಿದೆ.