ಹನ್ನೊಂದು ಅಡ್ಡಗೆರೆಗಳು

ಮದುವೆ ಕರೆಯೋಲೆ ಕೊಟ್ಟರೂ ಮುನಿರಾಜಪ್ಪನ ಕೈ ಮೊದಲು ಹೋಗುವುದು ಜೇಬಿನ ಕೆಂಪು ಪೆನ್ನಿಗೆ. ಶಿವಾಜಿನಗರದ ಅಬ್ದುಲ್ ಸಾಹೇಬರ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿದ ಆಸಾಮಿ. ಮಾತು ತಿರುಗುವ ಕಡೆ ಉದ್ದನೆಯ ಅಡ್ಡಗೆರೆ ಹಾಕಬೇಕೆಂದು ಕಲಿಸಿದವರು ಸಾಹೇಬರೇ. ಪ್ರೆಸ್ಸು ಮುಚ್ಚಿ ಆ ಜಾಗಕ್ಕೆ ಮೊಬೈಲ್ ಕವರಿನ ಅಂಗಡಿ ಬಂತು. ಗೆರೆ ಹಾಕುವ ಚಾಳಿ ಮಾತ್ರ ಈ ಮನುಷ್ಯನನ್ನು ಬಿಡಲಿಲ್ಲ.

ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಆತನ ಜೊತೆಗಿರುವವಳು ಮೊಮ್ಮಗಳು ಪದ್ಮಶ್ರೀ. ಡಿಗ್ರಿ ಎರಡನೇ ವರ್ಷ. ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿ ಸಂಪಾದಕಿ ಆಗಬೇಕೆಂದು ಹುಡುಗಿಗೆ ಜೀವ ಹೋಗುವಷ್ಟು ಆಸೆ. ಚೆನ್ನಾಗಿ ಲೇಖನ ಬರೆದವರಿಗೆ ಆ ಜಾಗ. ಮಹದೇವಪುರದ ಸೋದರತ್ತೆಯ ಮನೆಗೆ ಮಳೆನೀರು ನುಗ್ಗಿದ ದಿನದ ಬಗ್ಗೆ ಬರೆದಳು. ಕೊಡಬೇಕಾದ ಕೊನೆಯ ದಿನ ಹಾಳು ಜ್ವರ ಬಂತು. "ತಾತ, ಪ್ರಿಂಟ್ ತೆಗೆಸಿ ಕೊಟ್ಬಿಟ್ ಬಾ" ಎಂದು ಮೊಬೈಲನ್ನು ಅವನ ಕೈಗಿತ್ತಳು.

ಅಂಗಡಿಯಲ್ಲಿ ಹಾಳೆ ಕೈಗೆ ಬಂದಿದ್ದೇ ತಡ, ಪೆನ್ನು ಹೊರಬಿತ್ತು. ಒಂದು ಪದವನ್ನೂ ಮುಟ್ಟಲಿಲ್ಲ. ಹನ್ನೊಂದು ಕಡೆ ಗೆರೆ ಹಾಕಿ, ಅಂಗಡಿಯವನಿಂದ ಅದನ್ನು ಟೈಪ್ ಮಾಡಿಸಿ, ಹೊಸ ಪ್ರತಿ ತೆಗೆಸಿ ಕಾಲೇಜಿಗೆ ಕೊಟ್ಟು ಬಂದ. ಇಷ್ಟು ಸಣ್ಣ ವಿಷಯ ಅವಳಿಗೆ ಹೇಳುವುದೇನು ಎಂದುಕೊಂಡ.

ವಾರ ಕಳೆದ ಮೇಲೆ ಕಾಲೇಜಿನಿಂದ ಕರೆ ಬಂತು. ತಾತನೂ ಜೊತೆಗೆ ಹೋದ. ಕನ್ನಡ ಪಾಠ ಮಾಡುವ ಜಹನಾರಾ ಮೇಡಂ ಲೇಖನವನ್ನು ಮೇಜಿನ ಮೇಲಿಟ್ಟರು.

"ಇಷ್ಟೊಂದು ಡ್ಯಾಶ್ ಯಾವ ಸ್ಟೂಡೆಂಟೂ ಹಾಕಲ್ಲಮ್ಮ. ಎಐ ಬರೆದ್ರೆ ಹಿಂಗೇ ಇರತ್ತೆ ಅಂತ ಕಮಿಟಿಯವರು ಹೇಳ್ತಿದ್ದಾರೆ."

ಪದ್ಮಶ್ರೀಯ ಕಣ್ಣು ತುಂಬಿತ್ತು, ಹಾಳೆಯಲ್ಲೇನಿದೆ ಎಂದು ಸರಿಯಾಗಿ ನೋಡಲೂ ಇಲ್ಲ. "ಒಂದೊಂದು ಚುಕ್ಕೇನೂ ನಾನೇ ಹಾಕಿರೋದು ಮೇಡಂ. ಬೇರೆ ಯಾರೂ ಮುಟ್ಟಿಲ್ಲ. ನಮ್ಮ ತಾತನಾಣೆ."

ಮುನಿರಾಜಪ್ಪ ಮೇಜಿನ ಮೇಲಿನ ಹಾಳೆ ನೋಡಿದ. ಸುಮ್ಮನಿದ್ದರೆ ಬರೆದದ್ದು ಯಂತ್ರ ಎಂದಾಗುತ್ತದೆ. ಬಾಯಿ ಬಿಟ್ಟರೆ ಮೊಮ್ಮಗಳು ಸುಳ್ಳುಬುರುಕಿಯಾಗುತ್ತಾಳೆ. ಮಾಡುವುದನ್ನೆಲ್ಲ ಮಾಡಿ ಈಗ ಒದ್ದಾಡಿದರೆ ಏನು ಬಂತು?

"ಆ ಗೆರೆಗಳೆಲ್ಲ ನಂದು ಮೇಡಂ. ಪ್ರಿಂಟ್ ಅಂಗ್ಡೀಲಿ ನಾನೇ ಹಾಕ್ಸಿದ್ದು. ಮಗೂಗೆ ಗೊತ್ತೇ ಇಲ್ಲ."

ಮೇಡಂ ಕೆಟ್ಟವರಲ್ಲ. "ನಾನು ನಂಬ್ತೀನಿ ಯಜಮಾನ್ರೇ. ಆದ್ರೆ ಬೇರೆಯವ್ರು ತಿದ್ದಬಾರ್ದು ಅಂತ ಅರ್ಜೀಲೇ ಇದೆ. ಯಾರೂ ಮುಟ್ಟಿಲ್ಲ ಅಂತ ಇವ್ಳು ಈಗ ತಾನೇ ಅಂದ್ಳು. ಕಮಿಟಿಗೆ ನಾನೇನ್ ಹೇಳ್ಲಿ? ಈ ಸಲ ಇದನ್ನ ತಗೊಳ್ಳೋಕಾಗಲ್ಲ" ಎಂದು ಹಾಳೆಗಳನ್ನು ಮಡಚಿ ಪದ್ಮಶ್ರೀಗೇ ವಾಪಸ್ಸು ಕೊಟ್ಟರು.

ಬಸ್ ನಿಲ್ದಾಣದಲ್ಲಿ ಪದ್ಮಶ್ರೀ ಆ ಹಾಳೆಗಳನ್ನು ಬಿಡಿಸಿ ಮೊದಲ ಸಲ ಓದಿದಳು. ಅವಳು ಕೂಗಾಡಿದ್ದರೆ ಆತನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನ್ ಬರ್ದಿದ್ದು ಅಷ್ಟು ಕೆಟ್ದಾಗಿತ್ತಾ, ತಾತ?"

"ಇಲ್ಲ ಕಣಮ್ಮ. ಒಂದು ತಪ್ಪೂ ಇರ್ಲಿಲ್ಲ. ತುಂಬಾ ಚೆನ್ನಾಗಿತ್ತು."

"ಮತ್ಯಾಕೆ ಮುಟ್ದೆ?"

ಮುನಿರಾಜಪ್ಪ ಜೇಬಿನ ಕೆಂಪು ಪೆನ್ನು ತೆಗೆದು ಅವಳ ಕೈಗಿತ್ತ.