ಒಂದು ಕಿವಿ, ಎರಡು ಸ್ಪೀಕರ್

ತುಮಕೂರಿನ ಶೆಟ್ಟಿಹಳ್ಳಿಗೆ ಇನ್ನೂ ಹಾಲಿನ ಗಾಡಿಯೇ ಬಂದಿಲ್ಲ, ಅನುಪಮಾ ಆಗಲೇ ಬಂದಾಗಿದೆ. ಸ್ಕೂಟರನ್ನು ಗೇಟಿನಾಚೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಸದ್ದಿಲ್ಲದೆ ಒಳಗೆ ಹೋಗುತ್ತಾರೆ. ಹಾಲ್‌ನಲ್ಲಿ ಎರಡು ಸ್ಪೀಕರ್‌ಗಳಿಗೆ ಎದುರಾಗಿ ಒಂದು ಕುರ್ಚಿ. ಮೊದಲು ಎಲ್ಲರ ಹಾಗೆ ಅದರಲ್ಲಿ ಕೂತು ಕೇಳುತ್ತಾರೆ. ಆಮೇಲೆ ಎದ್ದು, ಕುರ್ಚಿಯನ್ನು ಹಿಂದುಮುಂದು ಮಾಡಿಕೊಂಡು, ಸ್ಪೀಕರ್‌ಗಳಿಗೆ ಬೆನ್ನು ಹಾಕಿ ಕೂರುತ್ತಾರೆ. ಮದುವೆ ಮನೆಯಲ್ಲಿ ಮಂಟಪಕ್ಕೆ ಬೆನ್ನು ತಿರುಗಿಸಿ ಕೂತವರನ್ನು ಕಂಡಂತೆ ನೋಡಿದವರಿಗೆ ನಗು ಬರುತ್ತದೆ. ಯಾಕಮ್ಮ ಹೀಗೆ ಅಂತ ಕೇಳಿದರೆ, ‘ಇದು ನಮ್ಮ ಟೆಸ್ಟಿಂಗ್ ಸರ್’ ಅನ್ನುತ್ತಾರೆ, ಅಷ್ಟೇ.

ನಿಜ ಬೇರೆ ಇದೆ. ಅನುಪಮಾಗೆ ಎಡಗಿವಿ ಕೇಳಿಸುವುದಿಲ್ಲ. ಎದುರಿಗೆ ಕೂತರೆ ಬಲಗಡೆಯ ಸ್ಪೀಕರ್ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಎಡಗಡೆಯದನ್ನು ಪರೀಕ್ಷಿಸಬೇಕೆಂದರೆ ಬಲಗಿವಿಯನ್ನು ಆ ಕಡೆಗೆ ಒಯ್ಯಬೇಕು, ಅದಕ್ಕೇ ಈ ತಿರುಗಾಟ. ನಸುಕಿನಲ್ಲೇ ಬರುವುದೂ ಅದಕ್ಕೇ. ಹೊತ್ತೇರಿದರೆ ಮಿಕ್ಸಿ, ನೀರಿನ ಮೋಟರು, ಸೊಪ್ಪಿನವಳ ಕೂಗು. ‘ಎರಡು ಕಿವಿ ಇರೋರಿಗೆ ಗಲಾಟೇಲೂ ನಡೆಯುತ್ತೆ, ನಂಗೆ ಆಗಲ್ಲ ನೋಡಿ’ ಎಂದು ಪತ್ರಿಕೆಗಾಗಿ ಮಾತಾಡಿಸಿದಾಗ ಹೇಳಿದರು.

ಅವರ ಕೆಲಸ ಮನೆಮನೆಗೆ ಹೋಗಿ ಮ್ಯೂಸಿಕ್ ಸ್ಟ್ರೀಮರ್ ಮತ್ತು ಡ್ಯಾಕ್ ಎಂಬ ಎರಡು ಪುಟ್ಟ ಡಬ್ಬಿಗಳನ್ನು ಜೋಡಿಸಿಕೊಡುವುದು. ಸ್ಟ್ರೀಮರ್ ವೈಫೈಯಿಂದ ಹಾಡನ್ನು ಎಳೆದುಕೊಳ್ಳುತ್ತದೆ. ಆದರೆ ಬರುವುದು ಬರೀ ಸೊನ್ನೆ, ಒಂದುಗಳ ಸಾಲು. ಅದನ್ನು ಕಿವಿಗೆ ಕೇಳುವ ದನಿಯನ್ನಾಗಿ ಮಾಡುವುದು ಡ್ಯಾಕ್. ಅನುಪಮಾ ಇದನ್ನು ವಿವರಿಸುವ ರೀತಿಯೇ ಬೇರೆ: ‘ಸ್ಟ್ರೀಮರ್ ಅಂದ್ರೆ ಸಂತೆಯಿಂದ ದಿನಸಿ ತರೋನು. ಡ್ಯಾಕ್ ಅಂದ್ರೆ ಅಡುಗೆಭಟ್ಟ. ಹಸಿ ಅಕ್ಕಿ ತಂದು ಎಲೆಗೆ ಸುರಿದ್ರೆ ಊಟ ಮಾಡಕ್ಕಾಗುತ್ತಾ?’ ತುಮಕೂರು, ಗುಬ್ಬಿ, ಕುಣಿಗಲ್‌ನ ಎಷ್ಟೋ ಮನೆಗಳಲ್ಲಿ ಈಗ ಡ್ಯಾಕಿಗೆ ಅಡುಗೆಭಟ್ಟ ಅಂತಲೇ ಹೆಸರು.

ಗುಬ್ಬಿ ಪಕ್ಕದ ಹಳ್ಳಿಯೊಂದು ಅವರ ತವರು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು. ಮನೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು, ಬಿಡುತ್ತಲೇ ಹೋದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ‘ಯಾರನ್ನ ಬೈಯೋದು ಹೇಳಿ? ಪ್ರೀತಿಯಿಂದಾನೇ ಬಿಟ್ಟವ್ರೆ’ ಎಂದು ನಗುತ್ತಾರೆ. ಮುಂದೆ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡ್‌ಗಳಿಗೆ ಬೆಸುಗೆ ಹಾಕುವ ಕೆಲಸ ಸಿಕ್ಕಿತು. ಗಂಡ ಚಂದ್ರು ಪರಿಚಯವಾದದ್ದು ಅಲ್ಲೇ. ಅವರು ಈಗಲೂ ಅಲ್ಲೇ ಶಿಫ್ಟಿನಲ್ಲಿದ್ದಾರೆ. ಅನುಪಮಾ ಮಾತ್ರ ತುಮಕೂರಿನಲ್ಲಿ ಗಂಗಾಧರ್ ಎಂಬುವರ ಆಡಿಯೋ ಅಂಗಡಿ ಸೇರಿ, ಫಿಟ್ಟಿಂಗ್ ಕೆಲಸ ಹಿಡಿದರು.

ಬಾಗಿಲು ತೆರೆದವರು ಅನುಪಮಾರ ಹಿಂದೆ ಇಣುಕಿ ‘ಫಿಟ್ಟರ್ ಎಲ್ಲಮ್ಮ?’ ಎಂದು ಕೇಳುವುದು ಇವತ್ತಿಗೂ ತಪ್ಪಿಲ್ಲ. ‘ನಾನೇ ಸರ್’ ಅಂದ ಮೇಲೂ ಒಂದು ಸಲ ಗೇಟಿನ ಕಡೆ ನೋಡುತ್ತಾರಂತೆ! ಅದು ಅಭ್ಯಾಸವಾಗಿ ಹೋಗಿದೆ. ಕಿವಿಯ ಭಯವೇ ದೊಡ್ಡದು. ಅಂಗಡಿಯಲ್ಲೂ ಹೇಳಿರಲಿಲ್ಲ. ಕುಣಿಗಲ್‌ನ ಮನೆಯೊಂದರಲ್ಲಿ ಎಡದ ತಂತಿ ಬಲಕ್ಕೆ, ಬಲದ ತಂತಿ ಎಡಕ್ಕೆ ಸೇರಿಸಿ ಬಂದಾಗ ಗುಟ್ಟು ಬಯಲಾಯಿತು. ಕೆಲಸ ಹೋಯಿತು ಎಂದುಕೊಂಡು ಗಂಗಾಧರ್ ಮುಂದೆ ಅತ್ತೇಬಿಟ್ಟರು. ಅವರು ‘ಅಳ್ತೀಯ ಯಾಕಮ್ಮ? ಕುರ್ಚಿ ತಿರುಗಿಸ್ಕೊಂಡು ಕೂತ್ಕೊ, ಎಡಾನೂ ಬಲ ಆಗುತ್ತೆ’ ಅಂದರಂತೆ. ಅಂದಿನಿಂದ ಈ ಪದ್ಧತಿ. ಆದರೆ ಗಿರಾಕಿಗಳ ಮುಂದೆ ಮಾತ್ರ ಬಾಯಿ ಬಿಟ್ಟವರಲ್ಲ. ‘ಕಿವುಡಿ ಬಂದು ಹಾಡು ಜೋಡಿಸ್ತಾಳಂತೆ ಅಂದ್ರೆ ಯಾರು ಕರೀತಾರೆ?’

ಇವತ್ತು ಶೆಟ್ಟಿಹಳ್ಳಿಯ ಈ ಮನೆಗೆ ಬಂದಿರುವುದು ಹೊಸ ಜೋಡಣೆಗಲ್ಲ. ಜೋಡಿಸಿ ಸ್ವಲ್ಪ ದಿನ ಕಳೆದಿದೆ ಅಷ್ಟೇ. ತಾಲೂಕು ಕಚೇರಿಯಿಂದ ನಿವೃತ್ತರಾದ ಜಯರಾಮಯ್ಯನವರಿಗೆ ವೀಣೆ ಎಂದರೆ ಪ್ರಾಣ. ಕಿವಿ ಮಂದವಾಗುತ್ತಿದೆ, ಮಷೀನು ಹಾಕಿಕೊಂಡಿದ್ದಾರೆ. ಇರುವಷ್ಟು ದಿನ ಚೆನ್ನಾಗಿ ಕೇಳಲಿ ಅಂತ ಮನೆಯವರೆಲ್ಲ ಸೇರಿ ಇದನ್ನು ಹಾಕಿಸಿದ್ದರು. ಮೊದಮೊದಲು ನಸುಕಿನಲ್ಲಿ ಎದ್ದು ಕೂತು ಕೇಳುತ್ತಿದ್ದರು. ಈಗ ಸ್ವಿಚ್ಚನ್ನೇ ಮುಟ್ಟುತ್ತಿಲ್ಲ. ‘ಊಟಾನೂ ಸರಿಯಾಗಿ ಮಾಡ್ತಿಲ್ಲ, ಮಾತೂ ಇಲ್ಲ. ನಿನ್ನ ಡಬ್ಬಿ ಏನಾದ್ರೂ ಕೆಟ್ಟಿದೆಯಾ, ಬಂದು ನೋಡಮ್ಮ’ ಎಂದು ಅವರ ಹೆಂಡತಿ ಪದ್ಮಮ್ಮ ಫೋನ್ ಮಾಡಿದ್ದರು.

ಅನುಪಮಾ ಎಲ್ಲ ನೋಡಿದರು. ವೈಫೈ ಸರಿಯಿದೆ, ಕೇಬಲ್ ಸರಿಯಿದೆ, ಎಡ ಸರಿ, ಬಲ ಸರಿ. ಎಲ್ಲವನ್ನೂ ಆರಿಸಿದರು. ಶೋಕೇಸಿನೊಳಗೆ ಡಬ್ಬಿಗಳು ಪದ್ಮಮ್ಮನವರ ಕ್ರೋಷಾ ಬಟ್ಟೆ ಹೊದ್ದುಕೊಂಡು ಅಚ್ಚುಕಟ್ಟಾಗಿ ಕೂತಿವೆ. ಆ ಮನೆಯಲ್ಲಿ ಟೀವಿ, ಫ್ರಿಜ್ಜು, ಮಿಕ್ಸಿ, ಯಾವುದೂ ಬರಿಮೈಯಲ್ಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅನುಪಮಾ ಆ ಬಟ್ಟೆಯನ್ನು ಮತ್ತೆ ನೀಟಾಗಿ ಹೊದಿಸಿದರು.

ಪದ್ಮಮ್ಮ ಹಿತ್ತಲಿಗೆ ಹೂ ಬಿಡಿಸಲು ಹೋದದ್ದೇ ತಡ, ಜಯರಾಮಯ್ಯ ದನಿ ತಗ್ಗಿಸಿದರು.

‘ನಿನ್ನ ಡಬ್ಬಿಗೇನೂ ಆಗಿಲ್ಲಮ್ಮ. ಹೋಗಿರೋದು ನನ್ನ ಕಿವಿ. ಅವಳಿಗೆ ಹೇಳ್ಬೇಡ.’

‘ಏನಾಗುತ್ತೆ ಸರ್?’

‘ಅರ್ಧ ಗಂಟೆ ಚೆನ್ನಾಗಿ ಕೇಳುತ್ತೆ. ಆಮೇಲೆ ಇದ್ದಕ್ಕಿದ್ದಂಗೆ ಏನೂ ಇಲ್ಲ. ಫೋನ್ ನೋಡಿದ್ರೆ ಹಾಡು ಓಡ್ತಾನೇ ಇರುತ್ತೆ, ಲೈಟೂ ಉರೀತಿರುತ್ತೆ. ಕಾಗೆ ಕೂಗೋದು ಕೇಳುತ್ತೆ, ವೀಣೆ ಕೇಳಲ್ಲ. ಸಣ್ಣ ಶಬ್ದ ಮೊದ್ಲು ಹೋಗುತ್ತೆ ಅಂತ ಡಾಕ್ಟ್ರು ಹೇಳಿದ್ರಲ್ಲ. ಮುಂದೆ ಇವಳ ಮಾತೂ ಹೋಗುತ್ತೆ. ಅದಕ್ಕೇ ಹಾಕೋದೇ ಬಿಟ್ಟೆ. ಯಾಕೆ ದಿನಾ ಪರೀಕ್ಷೆ ಮಾಡ್ಕೊಂಡು ಫೇಲ್ ಆಗ್ಲಿ?’

ಎಂಥ ಭಯ ನೋಡಿ! ಪಾಪ, ಹೆಂಡತಿ ನಸುಕಿನಲ್ಲಿ ಹಿತ್ತಲಲ್ಲಿ ಇರುತ್ತಾರೆ, ಉಳಿದವರು ಮಹಡಿ ಮೇಲೆ ಮಲಗಿರುತ್ತಾರೆ. ಹೌದೋ ಅಲ್ಲವೋ ಅಂತ ಹೇಳಲು ಪಕ್ಕದಲ್ಲಿ ಒಬ್ಬರೂ ಇಲ್ಲ. ಆ ಮುದಿಜೀವ ಒಂದೇ ಕೂತು ತನ್ನ ಕಿವಿಗೆ ತಾನೇ ತೀರ್ಪು ಕೊಟ್ಟುಕೊಂಡಿದೆ.

‘ಇವತ್ತು ಹಾಕಿ ಸರ್, ನಾನೂ ಕೂರ್ತೀನಿ’ ಅಂದರು ಅನುಪಮಾ. ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ವೀಣೆ ಶುರುವಾಯಿತು. ಕಿಟಕಿಯ ಹೊರಗೆ ಬೆಳಕು ಹರಿಯಿತು. ಆಲಾಪನೆ ನಿಧಾನವಾಗಿ ಏರಿತು, ಇಳಿಯಿತು, ಇನ್ನೇನು ಮತ್ತೆ ಏರಬೇಕು, ನಿಂತಿತು. ಜಯರಾಮಯ್ಯ ಕೈಗಳನ್ನು ತೊಡೆಯ ಮೇಲೆ ಬಿಗಿಹಿಡಿದು ನೆಲ ನೋಡುತ್ತ ಕೂತಿದ್ದಾರೆ. ಆ ಗಳಿಗೆಯ ಬಗ್ಗೆ ಆಮೇಲೆ ಅನುಪಮಾ ಹೇಳಿದ ಮಾತಿದು: ‘ಶಬ್ದ ನಿಂತ್ರೆ ನಮ್ಮಂಥೋರು ಮೊದ್ಲು ನಮ್ಮ ಕಿವೀನೇ ಬೈಕೋತೀವಿ. ನಂಗೂ ಹಂಗೇ ಅನ್ನಿಸ್ತು, ಇದ್ದಿದ್ದು ಒಂದೂ ಹೋಯ್ತೇನೋ ಅಂತ.’ ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಕಾಗೆ ಕೂಗಿದ್ದು ಕೇಳಿತು. ಹಿತ್ತಲಲ್ಲಿ ಕೊಂಬೆ ಸರಸರ ಅಂದದ್ದೂ ಕೇಳಿತು.

‘ನಂಗೂ ಕೇಳಿಸ್ತಿಲ್ಲ ಸರ್’ ಅಂದರು.

ಜಯರಾಮಯ್ಯ ಗಕ್ಕನೆ ತಲೆಯೆತ್ತಿದರು. ‘ಏನಂದೆ?’

‘ನಂಗೂ ಕೇಳಿಸ್ತಿಲ್ಲ. ನಂದು ಎಡಗಿವಿ ಚಿಕ್ಕಂದಿನಿಂದ ಇಲ್ಲ ಸರ್, ಯಾರಿಗೂ ಹೇಳಲ್ಲ, ನಿಮ್ಗೆ ಹೇಳ್ತಿದೀನಿ. ಆದ್ರೆ ಬಲಗಿವಿ ಗಟ್ಟಿ. ಸೊಳ್ಳೆ ಬಂದ್ರೂ ಗೊತ್ತಾಗುತ್ತೆ. ಅದಕ್ಕೂ ಈಗ ವೀಣೆ ಕೇಳಿಸ್ತಿಲ್ಲ. ಕೆಟ್ಟಿರೋದು ಕಿವಿ ಅಲ್ಲ.’

ಜಯರಾಮಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಅನುಪಮಾ ಎದ್ದು ಹೋಗಿ ಶೋಕೇಸಿನೊಳಗೆ ಕೈಯಿಟ್ಟರು. ಸ್ಟ್ರೀಮರ್ ತಣ್ಣಗಿತ್ತು. ಡ್ಯಾಕ್ ಈಗ ತಾನೆ ಒಲೆಯಿಂದ ಇಳಿಸಿದ ಕಾವಲಿಯಾಗಿತ್ತು! ಮೇಲಿನ ಗಾಳಿಕಂಡಿಗಳ ಮೇಲೆ ಎರಡು ಮಡಿಕೆ ಕ್ರೋಷಾ ಬಟ್ಟೆ. ಬಿಸಿ ತಡೆಯಲಾರದೆ ಅದು ದಿನವೂ ಅರ್ಧ ಗಂಟೆಗೆ ದನಿ ನಿಲ್ಲಿಸಿಬಿಡುತ್ತಿತ್ತು. ಮರುದಿನ ಬೆಳಗಿನ ಹೊತ್ತಿಗೆ ಆರಿ ಮತ್ತೆ ಹಾಡುತ್ತಿತ್ತು. ಹಾಡು ತರುವ ಸ್ಟ್ರೀಮರ್ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು, ಅದಕ್ಕೇ ಫೋನಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು. ‘ಬಂದ ತಕ್ಷಣಾನೇ ಆ ಬಟ್ಟೆ ನೋಡಿದೀನಿ. ನಮ್ಮನೇಲೂ ಹಂಗೇ ಹೊದಿಸ್ತೀವಲ್ಲ, ಅನುಮಾನಾನೇ ಬರ್ಲಿಲ್ಲ. ನಾನೇ ಮತ್ತೆ ಹೊದಿಸಿದೆ ಬೇರೆ’ ಎಂದು ಅನುಪಮಾ ತಲೆ ಚಚ್ಚಿಕೊಂಡರು.

ಹೂಬುಟ್ಟಿ ಹಿಡಿದು ಪದ್ಮಮ್ಮ ಒಳಗೆ ಬರುವುದಕ್ಕೂ, ಎಷ್ಟೋ ದಿನದ ಮೇಲೆ ಜಯರಾಮಯ್ಯ ಗಟ್ಟಿಯಾಗಿ ನಗುವುದಕ್ಕೂ ಸರಿಹೋಯಿತು.

‘ಅಲ್ವೇ ಪದ್ಮ, ಅಡುಗೆಭಟ್ಟನಿಗೆ ಕಂಬಳಿ ಹೊದಿಸಿ ಅಡುಗೆ ಮಾಡು ಅಂದಿದೀಯಲ್ಲೇ!’

‘ಅಯ್ಯೋ, ಧೂಳು ಕೂರುತ್ತೆ ಅಂತ ಹಾಕ್ದೆ ಕಣ್ರೀ’ ಎನ್ನುತ್ತಲೇ ಪದ್ಮಮ್ಮನ ಮುಖ ಬಾಡಿತು. ಆಮೇಲೆ ಗಂಡ ನಗುತ್ತಿರುವುದು ಅರಿವಿಗೆ ಬಂದು, ಬುಟ್ಟಿ ಅಲ್ಲೇ ಇಟ್ಟು, ಅವರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಡ್ಯಾಕ್ ಶೋಕೇಸಿನಿಂದ ಹೊರಬಂದು ಟೀಪಾಯಿ ಏರಿತು. ಬಟ್ಟೆ ಅದರ ಅಡಿಗೆ ಹೋಯಿತು.

ಕಾಫಿ ಕುಡಿಯುವಾಗ, ಪತ್ರಿಕೆಯ ಈ ಲೇಖನದಲ್ಲಿ ಕಿವಿಯ ವಿಷಯ ಬರೆಯಬಹುದೇ ಎಂದು ಅನುಪಮಾರನ್ನು ಕೇಳಿದೆವು. ಅವರು ಲೋಟ ಕೆಳಗಿಟ್ಟರು. ‘ಬರೀರಿ, ಹೋಗ್ಲಿ. ಒಬ್ರಿಗೆ ಹೇಳಾಯ್ತು, ಆಕಾಶ ಏನೂ ಬೀಳ್ಲಿಲ್ಲ.’ ಮುಂದೇನಾಸೆ ಎಂದರೆ, ಒಂದೇ ಒಂದು. ‘ನಮ್ಮನೇಲಿ ಒಂದೇ ಸ್ಪೀಕರ್ ಇದೆ. ಇನ್ನೊಂದು ತಗೋಬೇಕು. ನಂಗಲ್ಲ, ನಂಗೆ ಒಂದೇ ಸಾಕು. ಚಂದ್ರುಗೆ ಎರಡು ಕಿವಿ ಇದಾವಲ್ಲ. ನನ್ನಿಂದಾಗಿ ಪಾಪ ಅವ್ರೂ ಒಂದ್ರಲ್ಲೇ ಕೇಳ್ತವ್ರೆ.’

ಹೊರಡುವಾಗ ಒಳಗೆ ವೀಣೆ ನಡೆದೇ ಇತ್ತು. ಅರ್ಧ ಗಂಟೆ ದಾಟಿ ಹೋಗಿ ಬಹಳ ಹೊತ್ತಾಗಿತ್ತು. ಸ್ಕೂಟರಿನ ಮೇಲೆ ಕೂತು, ಹೆಲ್ಮೆಟ್ ಕೈಯಲ್ಲೇ ಹಿಡಿದು, ಅನುಪಮಾ ಬಲಗಿವಿಯನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಎದುರಿನ ಮನೆಯಲ್ಲಿ ಮಿಕ್ಸಿ ಶುರುವಾಗಿತ್ತು.

‘ಅಮ್ಮ, ಇನ್ನೂ ಬರ್ತಿದೆ ಅಲ್ವಾ?’

ಗೇಟಿನ ಬಳಿ ನಿಂತಿದ್ದ ಪದ್ಮಮ್ಮ ಒಳಗೆ ಕಿವಿಗೊಟ್ಟರು.

‘ಬರ್ತಾ ಇದೆ ಕಣಮ್ಮ. ಅವ್ರು ತಾಳ ಹಾಕ್ತಿರೋದೂ ಕೇಳಿಸ್ತಿದೆ. ನೀನು ಹೋಗ್ಬಿಟ್ಟು ಬಾ.’